ಡಬ್ಬದಲ್ಲಿ ಗಾಳಿಗೆ ಜಾಗವಿಲ್ಲ

ನಮ್ಮ ದ್ವೀಪದ ಸಲೆಲೊಲೊಗಾ ಸಂತೆಯಲ್ಲಿ ಫುವಾಟಿನೊ ಅಕ್ಕನ ಕೋಕೋಗೆ ಪೊಟ್ಟಣದ ಚಿಂತೆಯೇ ಇರಲಿಲ್ಲ. ಬೀಜ ಹುರಿದು, ಕುಟ್ಟಿ, ಆ ಕಪ್ಪು ಮುದ್ದೆಯನ್ನು ಕಾಗದದ ಲೋಟಕ್ಕೆ ಹೊಯ್ದು ಗಟ್ಟಿಯಾಗಲು ಬಿಟ್ಟರೆ ಮುಗಿಯಿತು. ಕೊಳ್ಳುವವರು ಮೂಸಿ ನೋಡಿ ಒಯ್ಯುತ್ತಿದ್ದರು. ಫೋನಿನಲ್ಲಿ ಮೂಸುವುದು ಹೇಗೆ? ಆದರೂ ಅವಳ ತಂಗಿಯ ಮಗಳು ಲಗಿ ಫೋಟೋ ಹಾಕಿ ಆನ್‌ಲೈನ್ ಮಾರಾಟ ಶುರು ಮಾಡಿಯೇಬಿಟ್ಟಳು.

ಮೊದಲ ಆರ್ಡರ್ ಕಡಲಾಚೆ ಆಕ್ಲೆಂಡಿನಲ್ಲಿರುವ ನಮ್ಮವರ ಚರ್ಚಿನಿಂದ, ಬಿಳಿ ಭಾನುವಾರಕ್ಕೆ. ಅಂದು ಮಕ್ಕಳದೇ ದರ್ಬಾರು. ಬಿಳಿ ಬಟ್ಟೆ ತೊಟ್ಟು ದೊಡ್ಡವರಿಗಿಂತ ಮೊದಲು ಉಣ್ಣುತ್ತಾರೆ, ಬಿಸಿ ಕೋಕೋ ಕುಡಿಯುತ್ತಾರೆ.

ಮರ್ಯಾದೆಯ ಕೊಡುಗೆಯಲ್ಲವೇ ಎಂದು ಅಕ್ಕ ಒಂದೊಂದು ಮುದ್ದೆಯನ್ನೂ ಒಣ ಬಾಳೆಲೆಯಲ್ಲಿ ಸುತ್ತಿ ಕಳಿಸಿದಳು. ಹುಳು, ರೋಗ ಬರುತ್ತದೆಂದು ಅಲ್ಲಿಯ ಗಡಿಯಲ್ಲಿ ಎಲೆಗೆ ಪ್ರವೇಶವಿಲ್ಲವಂತೆ. ಎಲೆಯ ಜೊತೆ ಕೋಕೋವನ್ನೂ ಸುಟ್ಟುಹಾಕಿದರು.

ಅಕ್ಕ ಮತ್ತೆ ಕುಟ್ಟಿದಳು. ಈ ಸಲ ಲಗಿ ರಟ್ಟಿನ ಡಬ್ಬ, ಪ್ಲಾಸ್ಟಿಕ್ ಚೀಲ ತಂದಳು. ಕೋಕೋ ಜೋಡಿಸಿದ ಮೇಲೂ ಡಬ್ಬದಲ್ಲಿ ಜಾಗ ಉಳಿಯಿತು.

"ಇದೇನೇ, ಅರ್ಧ ಖಾಲಿ?"

"ಅಲ್ಲಿಗೆ ಕಾಗದ ಮುದುರಿ ತುರುಕೋದು, ದೊಡ್ಡಮ್ಮ. ಅಲ್ಲಾಡಬಾರ್ದು, ಅಷ್ಟೇ."

"ನೆಂಟರಿಗೆ ಅರ್ಧ ತಟ್ಟೆ ಊಟ ಹಾಕಿ, ಉಳಿದರ್ಧಕ್ಕೆ ಕಾಗದ ಇಡ್ತೀಯೇನೇ?"

"ಅವ್ರು ದುಡ್ಡು ಕೊಟ್ಟಿರೋದು ಇಷ್ಟಕ್ಕೇ!"

"ದುಡ್ಡು ಅವರದು, ಮರ್ಯಾದೆ ನಂದು. ಸುಮ್ನಿರು."

ಅಕ್ಕ ತನ್ನ ಮನೆಯ ಬಿಳಿ ಭಾನುವಾರಕ್ಕೆಂದು ಎತ್ತಿಟ್ಟಿದ್ದ ಕೋಕೋವನ್ನೆಲ್ಲ ಸಂದಿಗಳಿಗೆ ತುಂಬಿದಳು.

"ಮೊಮ್ಮಗಳಿಗೇನು ಕೊಡ್ತೀಯಕ್ಕ?" ಎಂದು ಪಕ್ಕದ ಮನೆಯಿಂದ ಬಂದಿದ್ದ ನಾನು ಕೇಳಿದೆ.

"ನೋಡೋಣ ಬಿಡು."

ಡಬ್ಬಗಳು ಸುಖವಾಗಿ ತಲುಪಿದವು, ಒಂದೂ ಒಡೆದಿರಲಿಲ್ಲ. ಬಿಳಿ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಲಗಿ ಫೋನ್ ತೋರಿಸಿದಳು. ಆಕ್ಲೆಂಡಿನ ಮಕ್ಕಳಿಗೆಲ್ಲ ಕೋಕೋದ ಮೀಸೆ. ಅಕ್ಕ ಹಿರಿಹಿರಿ ಹಿಗ್ಗಿದಳು.

ಗರಿಗರಿ ಬಿಳಿ ಅಂಗಿಯ ಮೊಮ್ಮಗಳು ಮಾಸಿನಾ ತನ್ನ ಲೋಟಕ್ಕೆ ಇಣುಕಿದಳು. ಅದರಲ್ಲಿ ಚಹಾ ಇತ್ತು.

"ಅಜ್ಜಿ, ಅವ್ರಿಗೆಲ್ಲ ಕೊಟ್ಯಲ್ಲ, ನಂಗಿಲ್ವಾ?"

ಅಕ್ಕ ತನ್ನ ಪಾಲಿನ ಸಕ್ಕರೆಯನ್ನೂ ಆ ಚಹಾಕ್ಕೆ ಸುರಿದಳು. ನನಗೆ ಅಕ್ಕನ ಮೇಲೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ.

ಮುಂದಿನ ಆರ್ಡರಿಗೆ ಕುಟ್ಟಿದ ದಿನ ಹೋಗಿ ನೋಡುತ್ತೇನೆ, ಅಕ್ಕ ಚಾಕು ಹಿಡಿದು ಡಬ್ಬಗಳನ್ನೇ ಕೊಯ್ಯುತ್ತಿದ್ದಾಳೆ. ನಾಲ್ಕೂ ಕಡೆ ಕತ್ತರಿಸಿ, ಮಡಚಿ, ಅಂಟಿಸಿ, ಕೋಕೋದ ಅಳತೆಗೇ ತಂದಳು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಸದ್ದಿಲ್ಲ.

"ಈಗ ತುಂಬ್ತು ನೋಡು," ಎಂದಳು ಲಗಿಗೆ.

ಆಮೇಲೆ ಒಲೆಯ ಮೇಲೆ ನೀರಿಟ್ಟು, ಹೊಸ ಕೋಕೋದ ದೊಡ್ಡ ತುಂಡೊಂದನ್ನು ತುರಿದು ಹಾಕಿ, ಅಂಗಳದ ಮಣ್ಣಿನಲ್ಲಿ ಆಡುತ್ತಿದ್ದ ಮಾಸಿನಾಳನ್ನು ಕೂಗಿದಳು.

"ಕೈಕಾಲು ತೊಳ್ಕೊಂಡು ಬಿಳಿ ಅಂಗಿ ಹಾಕ್ಕೊಂಡ್ ಬಾರೇ."

"ಇವತ್ತು ಮಂಗಳವಾರ ಅಜ್ಜಿ!"

"ಗೊತ್ತು, ಬಾ."