ಪದ ಬೇಡವೆಂದ ಭಜನೆ ಮಾವ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿಗೆ ಹೊಸದಾಗಿ ಬಂದವರ ಸಾಮಾನುಗಳಲ್ಲಿ ಒಂದು ಹಾರ್ಮೋನಿಯಂ ಪೆಟ್ಟಿಗೆ ಇತ್ತು. ಲಿಫ್ಟಿನಲ್ಲಿ ನಾನು ಅದರ ಪಕ್ಕದಲ್ಲೇ ನಿಂತಿದ್ದೆ. ಮುಚ್ಚಳದ ಸಂದಿನಿಂದ ನುಸಿಗುಳಿಗೆ, ಹಳೆಯ ಬಟ್ಟೆ, ಹಳೆಯ ಮರ ಎಲ್ಲ ಸೇರಿದ ವಾಸನೆ ಬಂತು. ನನ್ನ ಮಹಡಿ ಬಂದರೂ ಇಳಿಯಲು ಮರೆತೆ. ಅವರೊಂದಿಗೆ ಮೇಲಿನವರೆಗೂ ಹೋಗಿ ವಾಪಸು ಬಂದೆ.

ಜಕ್ಕೂರಿನ ಹಳೇ ಊರಿನಲ್ಲಿ, ನಮ್ಮ ಮನೆಯಿಂದ ಕೂಗಳತೆಯಲ್ಲಿ, ಅಂಥದೇ ಹಾರ್ಮೋನಿಯಂ ಇದ್ದವರೊಬ್ಬರ ಮನೆ ಇತ್ತು. ಊರಿಗೆಲ್ಲ ಅವರು ಭಜನೆ ಮಾವ. ನಮಗೆ ಸಂಬಂಧಿಕರೇನೂ ಅಲ್ಲ. ಹಗಲು ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ವ್ಯಾಪಾರ, ಸಂಜೆ ದೇವಸ್ಥಾನದ ಜಗುಲಿಯಲ್ಲಿ ಭಜನೆ. ಎಷ್ಟು ಸ್ನಾನ ಮಾಡಿದರೂ ಅವರ ಮೈಯಿಂದ ಈರುಳ್ಳಿಯ ಘಾಟು ಹೋಗುತ್ತಿರಲಿಲ್ಲ. ಊರಲ್ಲಿ ಯಾರಾದರೂ ತೀರಿಕೊಂಡರೆ ನೆಂಟರಿಗಿಂತ ಮೊದಲು ಸುದ್ದಿ ಮುಟ್ಟುತ್ತಿದ್ದುದು ಅವರಿಗೆ. ತಾಳದವರನ್ನು ಕಟ್ಟಿಕೊಂಡು ಬರುತ್ತಿದ್ದರು. ಹೆಣದ ತಲೆಯ ಹತ್ತಿರ ಚಾಪೆ ಹಾಕಿ ಕೂತು, ಎತ್ತುವವರೆಗೂ ತತ್ವಪದ ಹೇಳುತ್ತಿದ್ದರು.

ನಾನು ಕಾಲೇಜಿನಲ್ಲಿದ್ದಾಗ ಅಪ್ಪ ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ಅಮ್ಮ ಅಳಲೇ ಇಲ್ಲ. ಅಪ್ಪನ ಪಾದ ಹಿಡಿದುಕೊಂಡು ಗೋಡೆ ನೋಡುತ್ತ ಕೂತಿದ್ದಳು. ಅಳಿಸ್ರೋ ಅವಳನ್ನ, ಏನಾದರೂ ಆಗಿಬಿಟ್ಟೀತು ಎಂದು ಹೆಂಗಸರು ಗಾಬರಿಯಾಗಿದ್ದರು. ಮಾವ ಬಂದರು, ಕೂತರು, ಕಣ್ಣು ಮುಚ್ಚಿ ದನಿ ತೆಗೆದರು. ಆ ದನಿ ಒಂದು ಕಡೆ ಮೇಲೇರಿ ನಿಂತಾಗ ಅಮ್ಮ ಹೋ ಎಂದು ಕುಸಿದಳು. ನಾವೆಲ್ಲ ಅತ್ತೆವು. ಅತ್ತ ಮೇಲೆ ಉಸಿರಾಡಲು ಬಂತು. ಸಾವನ್ನು ಎದುರಿಗೆ ಕೂರಿಸಿಕೊಂಡು ಮಾತಾಡಬಲ್ಲ ಮನುಷ್ಯ ಇವರೊಬ್ಬರೇ ಎಂದು ಅವತ್ತು ನನಗನ್ನಿಸಿತ್ತು.

ಎಷ್ಟೋ ವರ್ಷಗಳ ಮೇಲೆ ಮಾವನಿಗೇ ಕಾಯಿಲೆ ಬಂತು. ಶ್ವಾಸಕೋಶ ದಿನೇದಿನೇ ಗಟ್ಟಿಯಾಗುತ್ತ ಹೋಗುವ ಕಾಯಿಲೆ. ಔಷಧಿಯಿಂದ ತಡೆಯಬಹುದು, ವಾಸಿಯಾಗುವುದಿಲ್ಲ ಎಂದರು ಡಾಕ್ಟರು. ತಡೆಯಲೂ ಆಗಲಿಲ್ಲ. ಮಂಚದ ಪಕ್ಕ ಆಕ್ಸಿಜನ್ ಮಷೀನು ಬಂತು. ಅಷ್ಟು ಹೊತ್ತಿಗೆ ನಾನು ಮದುವೆಯಾಗಿ ಅದೇ ಊರಿನ ಹೊಸ ಅಪಾರ್ಟ್‌ಮೆಂಟಿನಲ್ಲಿದ್ದೆ. ಮಧ್ಯಾಹ್ನ ಹೋಗಿ ಅವರ ಹತ್ತಿರ ಕೂರುತ್ತಿದ್ದೆ. ಅತ್ತೆ, ಅಂದರೆ ಅವರ ಹೆಂಡತಿ, ಆ ಹೊತ್ತಿನಲ್ಲಿ ಸ್ವಲ್ಪ ಬೆನ್ನು ಚಾಚುತ್ತಿದ್ದರು.

ಒಂದು ಸಂಜೆ ಭಜನೆಯವರೆಲ್ಲ ಮಾವನನ್ನು ನೋಡಲು ಬಂದರು. ಪ್ರೀತಿಯಿಂದಲೇ ಬಂದಿದ್ದರು. ಮಂಚದ ಸುತ್ತ ಕೂತು, ಮಾವನಿಗೆ ಇಷ್ಟವಾದ ಪದವನ್ನೇ ಮೆಲ್ಲಗೆ ಎತ್ತಿಕೊಂಡರು. ತಾಳ ಬಿದ್ದದ್ದೇ ಮಾವ ಮೂಗಿನ ಕೊಳವೆ ಕಿತ್ತು ಎಸೆದರು.

"ನಿಲ್ಸ್ರೋ! ನಾನಿನ್ನೂ ಸತ್ತಿಲ್ಲ ಕಣ್ರೋ! ಓಗ್ರೋ ಎಲ್ಲ!"

ತಾಳಗಳು ನಿಂತವು. ಒಬ್ಬೊಬ್ಬರೇ ಎದ್ದು, ಚಪ್ಪಲಿ ಮೆಟ್ಟಿಕೊಂಡು, ತಲೆ ತಗ್ಗಿಸಿ ಹೋದರು. ಅತ್ತೆ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಬಂದವರಿಗಾಗಿ ಇಟ್ಟಿದ್ದ ಕಾಫಿ ಒಲೆಯ ಮೇಲೆ ಉಕ್ಕಿ ಹೋಯಿತು.

ಅಂದಿನಿಂದ ಆ ಮನೆಯಲ್ಲಿ ಯಾರೂ ಹಾಡಲಿಲ್ಲ. ಟಿವಿ ಹಚ್ಚಲಿಲ್ಲ. ದೇವಸ್ಥಾನದ ಮೈಕಿನಿಂದ ಹಾಡು ಕೇಳಿಬಂದರೆ ಅತ್ತೆ ಓಡಿಹೋಗಿ ಕಿಟಕಿ ಮುಚ್ಚುತ್ತಿದ್ದರು. ಮುಚ್ಚಿದ ಮೇಲೆ ಉಳಿಯುತ್ತಿದ್ದುದು ಆ ಮಷೀನಿನ ಗುಂಯ್ ಸದ್ದು, ಮಾವನ ಉಸಿರಿನ ಸದ್ದು. ಅದು ಇನ್ನೂ ಭಯಂಕರ...

ಒಂದು ಮಧ್ಯಾಹ್ನ ಅವರೇ ಬಾಯಿ ಬಿಟ್ಟರು.

"ಇಷ್ಟು ವರ್ಷ ನಾನು ಈ ಕಡೆ ಕುಂತ್ಕಂಡು ಪದ ಏಳ್ದೆ ಕಣವ್ವ. ಮಲಗಿರೋರ ಕಡೆಯಿಂದ ಅದು ಎಂಗೆ ಕೇಳ್ಸುತ್ತೆ ಅಂತ ಗೊತ್ತಿರ್ಲಿಲ್ಲ. ಕರೆಯಕ್ಕೆ ಬಂದಂಗೆ ಕೇಳ್ಸುತ್ತೆ."

"ಭಯ ಆಗುತ್ತಾ ಮಾವ?" ಎಂದೆ. ಕೇಳಬಾರದಿತ್ತೇನೋ.

"ಓಗ್ಬೇಕಲ್ಲವ್ವ... ಒಬ್ನೇ ಓಗ್ಬೇಕಲ್ಲ," ಎಂದು ಮಗುವಿನಂತೆ ನನ್ನ ಕೈ ಹಿಡಿದುಕೊಂಡರು.

ಧೈರ್ಯದ ಮಾತುಗಳನ್ನೆಲ್ಲ ಅವರೇ ಊರಿಗೆಲ್ಲ ಹಾಡಿ ಮುಗಿಸಿದ್ದರು. ಅವರು ಅಟ್ಟದ ಕಡೆ ಕೈ ತೋರಿಸಿದರು. ಸ್ಟೂಲು ಹತ್ತಿ ಅವರ ಹಾರ್ಮೋನಿಯಂ ಇಳಿಸಿದೆ. ಪೆಟ್ಟಿಗೆ ತೆರೆದಾಗ ಬಂದ ನುಸಿಗುಳಿಗೆಯ ವಾಸನೆಗೆ ಅವರಿಗೆ ಕೆಮ್ಮು ಬಂದು, ಕಣ್ಣಲ್ಲಿ ನೀರು ಬಂತು.

"ಪದ ಬ್ಯಾಡ. ಸುಮ್ಕೆ ಶ್ರುತಿ ಇಡ್ಕೊ."

ನನಗೆ ಸಂಗೀತ ಬರುವುದಿಲ್ಲ. ಅವರು ತೋರಿಸಿದ ಸ್ವರದ ಕೀಯನ್ನು ಒಂದು ಬೆರಳಿಂದ ಒತ್ತಿ, ಇನ್ನೊಂದು ಕೈಯಿಂದ ತಿದಿ ಒತ್ತುತ್ತ ಕೂತೆ. ಒಂದೇ ಸ್ವರ. ಮಾತಿಲ್ಲ, ದೇವರ ಹೆಸರಿಲ್ಲ, ಬಾ ಎಂಬ ಕರೆಯೂ ಇಲ್ಲ. ನಿಧಾನವಾಗಿ ಅವರ ಎದೆಯ ಏರಿಳಿತ ಸಮವಾಗುತ್ತ ಬಂತು. ನನ್ನ ಭುಜ ನೋಯತೊಡಗಿತು. ನಿಲ್ಲಿಸಲಿಲ್ಲ. ಅವರು ನಿದ್ದೆ ಹೋದರು. ಬಾಗಿಲಲ್ಲಿ ನಿಂತಿದ್ದ ಅತ್ತೆ ಅಲ್ಲೇ ಹೊಸಿಲ ಮೇಲೆ ಕೂತು ಅತ್ತರು.

ಆಮೇಲೆ ದಿನವೂ ಅದೇ. ಒಂದು ದಿನ ಅವರಿಗೆ ಏನನ್ನಿಸಿತೋ, ಶ್ರುತಿ ಹಿಡಿದಿದ್ದಾಗ ತಾವೇ ದನಿ ತೆಗೆಯಲು ಹೋದರು. ಬಾಯಿ ತೆರೆಯಿತು, ಕುತ್ತಿಗೆಯ ನರ ಉಬ್ಬಿತು. ಗಾಳಿ ಬಂತು, ದನಿ ಬರಲಿಲ್ಲ. ಮತ್ತೆ ಪ್ರಯತ್ನಿಸಿದರು. ಆಮೇಲೆ ಗೋಡೆಗೆ ಮುಖ ತಿರುಗಿಸಿ ಮಲಗಿಬಿಟ್ಟರು. ಅವತ್ತು ಏನು ಮಾಡಿದರೂ ಅವರಿಗೆ ನಿದ್ದೆ ಹತ್ತಲಿಲ್ಲ.

ಕೊನೆಗೆ ಹೆಬ್ಬಾಳದ ಒಂದು ಆಸ್ಪತ್ರೆಗೆ ಸೇರಿಸಿದರು, ಐಸಿಯುನಲ್ಲಿ. ಒಬ್ಬರೇ ಒಳಗೆ ಹೋಗಬೇಕು, ನೋಡಿ ಬಂದುಬಿಡಬೇಕು. ಅತ್ತೆಗೆ ಒಳಗೆ ಹೋಗುವ ಶಕ್ತಿ ಇರಲಿಲ್ಲ. "ನೀನೇ ಓಗವ್ವ, ನಿನ್ನ ನೋಡುದ್ರೆ ಸುಮ್ಕಾಯ್ತಾರೆ," ಎಂದರು.

ಮಾವನ ಮುಖದ ತುಂಬ ಮಾಸ್ಕು. ಕಣ್ಣು ಮಾತ್ರ ಕಾಣುತ್ತಿತ್ತು. ಅಂಥ ಭಯವನ್ನು ನಾನು ಯಾರ ಕಣ್ಣಲ್ಲೂ ನೋಡಿರಲಿಲ್ಲ. ಅಲ್ಲಿಗೆ ಹಾರ್ಮೋನಿಯಂ ಎಲ್ಲಿಂದ ತರಲಿ? ಕಿವಿಯ ಹತ್ತಿರ ಬಗ್ಗಿ, ನೆನಪಿನಲ್ಲಿದ್ದ ಆ ಸ್ವರವನ್ನು ಬಾಯಿ ಮುಚ್ಚಿಕೊಂಡು ಗುನುಗಿದೆ. ಸರಿಯಾಗಿತ್ತೋ ಇಲ್ಲವೋ, ನನ್ನ ಮುಂಗೈಯನ್ನು ಬಿಗಿಯಾಗಿ ಹಿಡಿದರು. ಉಸಿರು ಸಾಕಾಗಿ ನಾನು ನಡುವೆ ನಿಲ್ಲಿಸಿದರೆ ಹಿಡಿತ ಇನ್ನೂ ಬಿಗಿಯಾಗುತ್ತಿತ್ತು. ಮತ್ತೆ ಗುನುಗುತ್ತಿದ್ದೆ.

"ಮೇಡಂ, ಟೈಮಾಯ್ತು, ಪ್ಲೀಸ್," ಎಂದಳು ನರ್ಸು.

"ಇನ್ನೊಂಚೂರು ಹೊತ್ತು ಕಣಮ್ಮ."

"ಪಕ್ಕದ ಪೇಷೆಂಟ್ ಸೀರಿಯಸ್ ಇದ್ದಾರೆ ಮೇಡಂ. ಅರ್ಥ ಮಾಡ್ಕೊಳಿ."

ಅವಳದೂ ತಪ್ಪಲ್ಲ. ಮೃದುವಾಗಿಯೇ ಮಾವನ ಬೆರಳುಗಳನ್ನು ಬಿಡಿಸಿದಳು. ನಾನು ಗುನುಗುತ್ತಲೇ ಹಿಂದೆ ಸರಿದೆ, ಬಾಗಿಲವರೆಗೂ. ಬಾಗಿಲು ಮುಚ್ಚಿತು. ಒಳಗೆ ಅವರಿಗೆ ಎಲ್ಲಿಯವರೆಗೆ ಕೇಳಿಸಿತೋ... ಸಂಜೆಗೆ ಮುಂಚೆ ಹೋಗಿಬಿಟ್ಟರು.

ಮನೆಗೆ ತಂದಾಗ ಭಜನೆಯವರು ತಾಳ ಹಿಡಿದುಕೊಂಡು ಬೀದಿಯಲ್ಲೇ ನಿಂತಿದ್ದರು. ಒಳಗೆ ಬರಲು ಯಾರಿಗೂ ಧೈರ್ಯವಿಲ್ಲ. ಅತ್ತೆ ತಾವೇ ಎದ್ದು ಹೊರಗೆ ಹೋದರು.

"ಬಂದು ಪದ ಏಳ್ರಪ್ಪ. ಅವ್ರಿಗೆ ಇನ್ನು ಕೇಳ್ಸಲ್ಲ. ನಂಗೆ ಭಯ ಆಯ್ತದೆ, ನನಗೋಸ್ಕರ ಏಳಿ."

ಅವರು ಕೂತು ಹಾಡಿದರು. ಮಾವ ಮೇಲೇರಿ ನಿಲ್ಲುತ್ತಿದ್ದ ಜಾಗ ಬಂದಾಗ ಒಬ್ಬರಿಗೂ ಅಲ್ಲಿಗೆ ಏರಲಾಗಲಿಲ್ಲ. ದನಿಗಳು ಒಡೆದವು. ತಾಳ ಮಾತ್ರ ಬೀಳುತ್ತಿತ್ತು. ಅತ್ತೆ ಆ ತಾಳಕ್ಕೆ ತಲೆ ಆಡಿಸುತ್ತ, ಮಾವನ ಹಣೆ ಸವರುತ್ತ ಕೂತಿದ್ದರು.

ಅತ್ತೆಯೂ ಈಗಿಲ್ಲ. ತಾಳದವರಲ್ಲಿ ಕೆಲವರು ತೀರಿಕೊಂಡರು, ಕೆಲವರು ಜಾಗ ಮಾರಿಕೊಂಡು ದೂರ ಹೋದರು. ಮೊನ್ನೆ ನಮ್ಮ ಬ್ಲಾಕಿನಲ್ಲೊಂದು ಸಾವಾಯಿತು. ಗಾಜಿನ ಪೆಟ್ಟಿಗೆಯ ಪಕ್ಕ ಯಾರೋ ಮೊಬೈಲಿನಲ್ಲಿ ಮಂತ್ರ ಹಾಕಿಟ್ಟಿದ್ದರು. ನಡುವೆ ಫೋನು ಬಂದು ಮಂತ್ರ ನಿಂತಿತು. ಆಮೇಲೆ ಮತ್ತೆ ಹಚ್ಚಲು ಯಾರಿಗೂ ಹೊಳೆಯಲಿಲ್ಲ. ತೀರಿಕೊಂಡವರ ಮಗಳು, ಇನ್ನೂ ಚಿಕ್ಕವಳು, ಅಳದೆ ಗೋಡೆ ನೋಡುತ್ತಿದ್ದಳು.

"ಯಾರಿಗಾದ್ರೂ ಹಾಡಕ್ಕೆ ಬರುತ್ತೇನ್ರೀ?" ಎಂದರು ಒಬ್ಬ ವಯಸ್ಸಾದ ಹೆಂಗಸು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಲ್ಲಿದ್ದ ಯಾರಿಗೂ ಬರುತ್ತಿರಲಿಲ್ಲ.