ಹೊಸ ವರ್ಷದ ಮೊದಲ ಕಾಲು

ಬಾಳೂರಿನ ಹತ್ತಿರದ ಕಾಫಿ ತೋಟದ ಬಂಗಲೆಯಲ್ಲಿ ನಾನು ಅಡುಗೆ ಕೆಲಸಕ್ಕಿದ್ದೆ. ನಮ್ಮ ಯಜಮಾನರ ಅಜ್ಜಿ ಬಿಳಿ ಹೆಂಗಸು. ಇಲ್ಲಿಯವರನ್ನು ಮದುವೆಯಾಗಿ ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದವರು. ಅಕ್ಕಿರೊಟ್ಟಿ ತಟ್ಟುವುದು ಕಲಿತರು, ನಮ್ಮ ಬೈಗುಳವನ್ನೂ ಕಲಿತರು. ಆದರೆ ತಮ್ಮೂರಿನ ಒಂದು ಶಾಸ್ತ್ರವನ್ನು ಬಿಡಲಿಲ್ಲ. ಜನವರಿ ಒಂದರಂದು ಹೊಸಿಲು ಮೊದಲು ದಾಟುವವನು ಕಪ್ಪು ಕೂದಲಿನ ಗಂಡಸಾಗಿರಬೇಕು. ಕೈಯಲ್ಲಿ ಇದ್ದಿಲು, ಉಪ್ಪು, ಬ್ರೆಡ್ಡು ಇರಬೇಕು. ಕೆಂಚು ಕೂದಲಿನವರು ಮೊದಲು ಬಂದರೆ ವರ್ಷವೇ ಕೆಟ್ಟಿತು ಎನ್ನುತ್ತಿದ್ದರು. ನನಗೇನೂ ವಿಚಿತ್ರ ಅನ್ನಿಸಲಿಲ್ಲ. ನಾವು ಬೆಕ್ಕು ಅಡ್ಡ ಬಂದರೆ ನಿಲ್ಲುವುದಿಲ್ಲವೆ?

ಆ ಕೆಲಸ ಪ್ರತಿ ವರ್ಷ ನನ್ನ ಗಂಡನದು. ತೋಟದಲ್ಲೆಲ್ಲ ಅವನಷ್ಟು ಕಪ್ಪು ತಲೆ ಬೇರೆ ಇರಲಿಲ್ಲ. ಒಂದು ತುಂಡು ಕೇಕು, ಒಂದು ಲೋಟ ಬ್ರಾಂದಿ ಸಿಗುತ್ತಿತ್ತು. ಬ್ರಾಂದಿ ಸಿಗುವುದಾದರೆ ಅವನು ನರಕದ ಹೊಸಿಲನ್ನೂ ದಾಟುತ್ತಿದ್ದ.

ತೊಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಅವನು ಜ್ವರ ಬಂದು ಸತ್ತ. ಗಂಡ ಸತ್ತವಳು ಒಳ್ಳೆಯ ದಿನ ಎದುರಿಗೆ ಬರಬಾರದಲ್ಲ. ಹಾಗಾಗಿ ಆ ಜನವರಿ ಒಂದರಂದು ಹೊತ್ತೇರಿದ ಮೇಲೆಯೇ ಬಂಗಲೆಗೆ ಹೋದೆ. ನೋಡಿದರೆ ಬಾಗಿಲು ಹಾಕಿದೆ. ಜಗಲಿಯಲ್ಲಿ ಯಜಮಾನರು ಬರೀ ಬನಿಯನ್, ಪಂಚೆಯಲ್ಲಿ ಮಂಜಿಗೆ ನಡುಗುತ್ತಿದ್ದಾರೆ. ನಾಯಿ ಬೊಗಳಿತೆಂದು ಹೊರಗೆ ಬಂದವರನ್ನು ಅಜ್ಜಿ ಮತ್ತೆ ಒಳಗೆ ಬಿಟ್ಟಿರಲಿಲ್ಲ. ಅಜ್ಜಿಯದೇ ಕೆಂಚು ಕೂದಲು ಮೊಮ್ಮಗನಿಗೂ ಬಂದಿತ್ತು, ಪಾಪ. ತೋಟದ ಗಂಡಸರೆಲ್ಲ ದೂರದ ಗುಡ್ಡಕ್ಕೆ ಕಾಫಿ ಹಣ್ಣು ಕೊಯ್ಯಲು ಹೋಗಿದ್ದರು. ನನ್ನ ಗಂಡನ ಬದಲಿಗೆ ಇನ್ನೊಬ್ಬನಿಗೆ ಹೇಳಿಡಲು ಅಜ್ಜಿಗೆ ಮನಸ್ಸು ಬಂದಿರಲಿಲ್ಲವಂತೆ.

“ಅಜ್ಜೀ, ಕಿಟಕೀಲಾದ್ರೂ ಒಂದ್ಲೋಟ ಕಾಫಿ ಕೊಡಿ ಮಾರಾಯ್ತಿ!” ಎಂದು ಯಜಮಾನರು ಕೂಗಿದರು.

“ಸುಮ್ನೆ ನಿಂತ್ಕೊ, ಕೆಂಪು ಮಂಗ!” ಎಂದ ಅಜ್ಜಿ ಕಿಟಕಿಯಿಂದಲೇ ನನ್ನನ್ನು ಕಂಡರು. “ನೀನು ಇದ್ಲು ತಗೊಂಡು ಮುಂದಿನ ಬಾಗ್ಲಿಗೆ ಬಾ.”

“ಅಮ್ಮಾ, ನಾನು ಗಂಡ ಸತ್ತವಳು.”

“ನಂದೂ ಸತ್ತಿದ್ದಾನೆ. ನಾನು ಮನೆ ಒಳಗೇ ಇಲ್ವಾ?”

“ಗಂಡಸೇ ಬರ್ಬೇಕಲ್ಲ ನಿಮ್ಮ ಶಾಸ್ತ್ರಕ್ಕೆ?”

“ಕೂದ್ಲು ಕಪ್ಪಗಿದೆ, ಸಾಕು. ನಂಗೂ ಹಸಿವಾಗ್ತಿದೆ, ಬಾರೇ!”

ನನ್ನ ಕಾಲು ಏಳಲಿಲ್ಲ. ಆ ಮನೆಯಲ್ಲಿ ಒಂದು ದನ ಸತ್ತರೂ ಊರವರು ನನ್ನ ಹೆಸರೇ ಹೇಳುತ್ತಾರೆ. ಯಜಮಾನರು ಕೈ ಮುಗಿದರು: “ಹೋಗಮ್ಮ, ಚಳಿಗೆ ಸಾಯ್ತೀನಿ.” ಬಚ್ಚಲೊಲೆಯಿಂದ ಇದ್ದಿಲು ತಂದೆ. ಉಪ್ಪು, ಬ್ರೆಡ್ಡನ್ನು ಅಜ್ಜಿಯೇ ಕಿಟಕಿಯಿಂದ ಕೊಟ್ಟರು. ಬಲಗಾಲಿಟ್ಟು ಒಳಗೆ ಹೋದೆ. ಅಜ್ಜಿ ಇದ್ದಿಲು ಹಿಡಿದಿದ್ದ ನನ್ನ ಎರಡೂ ಕೈಯನ್ನು ಕೆನ್ನೆಗೆ ಒತ್ತಿಕೊಂಡು ತಮ್ಮ ಮುಖಕ್ಕೆಲ್ಲ ಮಸಿ ಮಾಡಿಕೊಂಡರು. ಆಮೇಲೆ ಕೇಕು, ಬ್ರಾಂದಿ. ಗಂಟಲು ಸುಟ್ಟಿತು. ಇದಕ್ಕಾ ಆ ಮನುಷ್ಯ ಹಾಗೆ ಬಾಯಿ ಬಿಡುತ್ತಿದ್ದದ್ದು!

ಆ ವರ್ಷ ಮನೆಗೆ ಯಾವ ಕೇಡೂ ಬರಲಿಲ್ಲ. ಆಮೇಲೆ ಅಜ್ಜಿ ಇರುವವರೆಗೂ ಮೊದಲ ಕಾಲು ನನ್ನದೇ. ಎರಡು ಸಾವಿರ ಇಸವಿ ದಾಟುವ ಹೊತ್ತಿಗೆ ನನ್ನ ತಲೆ ನರೆಯಿತು. ಅಜ್ಜಿ ಕಣ್ಣು ಕಿರಿದು ಮಾಡಿ ನೋಡಿ, “ಡಿಸೆಂಬರ್‌ನಲ್ಲಿ ಕಪ್ಪು ಹಚ್ಕೊ” ಎಂದರು. ಗಂಡ ಸತ್ತವಳಿಗೆ ಇದೇನು ಶೋಕಿ ಎಂದು ಕೂಲಿಯವರ ಲೈನ್ ಮನೆಗಳ ಹೆಂಗಸರು ಆಡಿಕೊಂಡರು. ಆಡಿಕೊಳ್ಳಲಿ ಎಂದು ಹಚ್ಚಿಕೊಂಡೇ ಹೋದೆ.