ಸ್ವಯಂವರದ ಹಾರ

ನಾಟಕ ಆಡುತ್ತಿದ್ದ ಕಾಲದಲ್ಲಿ ಎಷ್ಟು ಗಂಡಸರ ಕೊರಳಿಗೆ ಹಾರ ಹಾಕಿದ್ದೇನೋ ದೇವರಿಗೇ ಗೊತ್ತು. ಕ್ಯಾಸಂಬಳ್ಳಿ ಕಡೆಯ ತರಕಾರಿ ಬೆಳೆಯುವವರು, ಬೂದಿಕೋಟೆಯ ಹಾಲು ಕರೆಯುವವರು, ಬೇತಮಂಗಲದ ಗಾರೆ ಕೆಲಸದವರು, ಎಲ್ಲರೂ ಒಂದೊಂದು ಆಟಕ್ಕೆ ನನ್ನ ರಾಜಕುಮಾರರೇ. ಊರಿನ ಗಂಡಸರು ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ನಾಟಕ ಕಲಿಯುತ್ತಿದ್ದರು. ಹೆಣ್ಣು ಪಾತ್ರಕ್ಕೆ ಮಾತ್ರ ನಮ್ಮಂಥವರನ್ನು ಕರೆಸುತ್ತಿದ್ದರು. ಆಟದ ದಿನವೇ ಹೋಗಿ ಇಳಿಯುವುದು, ಅಲ್ಲಿಯವರೆಗೆ ಮುಖ ಕಾಣದ ಗಂಡನ ಜೊತೆ ಹಾಡುವುದು. ಎಪ್ಪತ್ತರ ದಶಕದಲ್ಲಿ ಸುಗ್ಗಿ ಮುಗಿಯಿತೆಂದರೆ ನನಗೆ ತಲೆ ಕೆರೆದುಕೊಳ್ಳಲೂ ಪುರಸೊತ್ತಿರುತ್ತಿರಲಿಲ್ಲ.

ನಾನು ಕೆಜಿಎಫ್‌ನ ಕಾಲೊನಿಯವಳು. ಅಪ್ಪ ಗಣಿಗೆ ಇಳಿಯುತ್ತಿದ್ದ. ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು, ನಾಟಕದಲ್ಲಿ ಕನ್ನಡ. ಕನ್ನಡದ ಪದ್ಯಗಳನ್ನು ತಮಿಳು ಅಕ್ಷರದಲ್ಲಿ ಬರೆದುಕೊಂಡು ಬಂಗಾರಪೇಟೆಯ ರೈಲಿನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಎದುರು ಕೂತವರು ಪಾಪ, ಹುಡುಗಿಗೆ ಏನೋ ಮೆಟ್ಟಿಕೊಂಡಿದೆ ಎಂದು ಸರಿದು ಜಾಗ ಬಿಡುತ್ತಿದ್ದರು. ನನಗೂ ಅದೇ ಬೇಕಿತ್ತು. ಕಂಠ ಚೆನ್ನಾಗಿತ್ತು, ಜಂಬಕ್ಕೂ ಕಮ್ಮಿ ಇರಲಿಲ್ಲ. ಮೈಕು ಕೆಟ್ಟರೂ ಕೊನೆಯ ಚಾಪೆಯಲ್ಲಿ ಕೂತವರಿಗೆ ನನ್ನ ಹಾಡು ಕೇಳಿಸುತ್ತಿತ್ತು.

ಸೋದರಮಾವನ ಮಗನಿಗೆ ನನ್ನನ್ನು ಕೊಡುವುದೆಂದು ಚಿಕ್ಕಂದಿನಲ್ಲೇ ಮಾತಾಗಿತ್ತು. ನಾನು ನಾಟಕಕ್ಕೆ ಹೋಗತೊಡಗಿದ ಮೇಲೆ ಅತ್ತೆ ಮನೆಗೆ ಬಂದು, ಊರೂರಲ್ಲಿ ಹಾರ ಹಾಕುವವಳ ಕೈಯಿಂದ ನನ್ನ ಮಗನಿಗೆ ಹಾರ ಬೇಡ ಎಂದು ಹೇಳಿ, ಕೊಟ್ಟ ಕಾಫಿಯನ್ನೂ ಮುಟ್ಟದೆ ಹೊರಟುಹೋದಳು. ನಾಟಕ ಬಿಟ್ಟುಬಿಡು ಎಂದು ಅಮ್ಮ ಅತ್ತಳು. ನನಗೂ ಮದುವೆಯ ಆಸೆ ಇತ್ತು, ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹಾಡು ಬಿಡುವುದಕ್ಕೆ ಆಗಲಿಲ್ಲ. ಆಮೇಲೆ ನಮ್ಮ ಮನೆಗೆ ಹೆಣ್ಣು ಕೇಳಿಕೊಂಡು ಯಾರೂ ಬರಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ಕ್ಯಾಸಂಬಳ್ಳಿಯಾಚೆಯ ಒಂದು ಹಳ್ಳಿಯಲ್ಲಿ ಸ್ವಯಂವರದ ನಾಟಕ. ಮಧ್ಯಾಹ್ನ ಶಾಲೆಯ ಕೋಣೆಯಲ್ಲಿ ಬಣ್ಣದ ಡಬ್ಬಿ ತೆಗೆಯುತ್ತಿದ್ದಾಗ ಹೊಸ ಮದುಮಗಳೊಬ್ಬಳು ಒಳಗೆ ಬಂದಳು. ಕೈಯಲ್ಲಿ ಸುಗಂಧರಾಜ, ಕನಕಾಂಬರದ ದಪ್ಪ ಹಾರ. ಆಗಲೇ ಕಣ್ಣು ಕೆಂಪಗಾಗಿತ್ತು.

"ರಾಜಕುಮಾರನ ಪಾಲ್ಟು ಮಾಡೋದು ನಮ್ಮನೆಯವ್ರೇ ಅಕ್ಕಾ. ಈ ಆರ ನಮ್ಮತ್ತೆ ನನ್ ಕೈಲೇ ಕಟ್ಸವ್ಳೆ. ಬಾವಿ ಅತ್ರ ಓದ್ರೆ ಎಲ್ರೂ, ಇವತ್ತು ನಿನ್ ಗಂಡಂಗೆ ಎಲ್ಡನೇ ಮದ್ವೆ ಅಂತ ನಗ್ತವ್ರೆ. ಏನಾದ್ರೂ ಆಡ್ಕೋ, ಆರ ಮಾತ್ರ ಅವ್ರ ಕೊರಳ್ಗೆ ಆಕ್ಬ್ಯಾಡಕ್ಕಾ, ನಿನ್ ಕಾಲ್ಗೆ ಬೀಳ್ತೀನಿ."

ಹಾರವಿಲ್ಲದೆ ಸ್ವಯಂವರವೇ? ಉಪ್ಪಿಲ್ಲದೆ ಸಾರು ಮಾಡು ಎಂದ ಹಾಗಾಯಿತು. ಊರವರು ಉಗಿದರೆ ಆ ಕಡೆಯ ಆಟಗಳೆಲ್ಲ ಕೈತಪ್ಪುತ್ತವೆ. ಆದರೂ ಅವಳ ಮುಖ ನೋಡಿ, "ಆಕಲ್ಲ, ಓಗು ತಂಗೀ" ಎಂದುಬಿಟ್ಟೆ.

ಪರದೆ ಎದ್ದಿತು. ಹಾರ ಹಿಡಿದು ಪದ್ಯ ಶುರು ಮಾಡಿದೆ. ಮುಗಿಯಿತು, ಮತ್ತೆ ಮೊದಲಿನಿಂದ ಹಾಡಿದೆ. ಜನ ಒನ್ಸ್ ಮೋರ್ ಎಂದು ಕೂಗಿದರು, ಇನ್ನೊಮ್ಮೆ ಹಾಡಿದೆ. ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ನನ್ನನ್ನು ಕೆಕ್ಕರಿಸಿ ನೋಡಿದರು. ರಾಜಕುಮಾರ ಕಲಿತಿದ್ದ ಹಾಗೆ ಕತ್ತು ಬಗ್ಗಿಸಿ ನಿಂತೇ ಇದ್ದ. ಕೊನೆಗೆ, "ಸ್ವಾಮೀ, ನನ್ನ ಮನಸ್ಸಿನ ಕಾಣಿಕೆ" ಎಂದು ಹಾರವನ್ನು ಅವನ ಕೈಗಿಟ್ಟು ಹಿಂದೆ ಸರಿದೆ. ಮೇಷ್ಟ್ರು ಹೇಳಿಕೊಡದ ಮಾತು! ಅವನು ಹಾರವನ್ನು ನೋಡಿದ, ನನ್ನನ್ನು ನೋಡಿದ, ಜನರನ್ನು ನೋಡಿದ. ಏನೂ ತೋಚದೆ ಎರಡು ಹೆಜ್ಜೆ ಮುಂದೆ ಬಂದು ನನ್ನ ಕೊರಳಿಗೇ ಹಾಕಿಬಿಟ್ಟ.

ಚಪ್ಪಾಳೆಯೋ ಚಪ್ಪಾಳೆ. ನನಗೆ ಮುಂದಿನ ಪದ್ಯವೇ ಮರೆತುಹೋಯಿತು. ತಣ್ಣನೆಯ ಹೂವು ಕತ್ತಿಗೆ ತಾಗಿ ಮೈಯೆಲ್ಲ ಜುಮ್ಮೆಂದಿತು. ನಾಚಿಕೆ ಆಯಿತು, ಸಂತೋಷವೂ ಆಯಿತು.

ಬೆಳಿಗ್ಗೆ ನಾನು ಬಸ್ಸಿಗೆ ಕಾಯುತ್ತಿದ್ದಲ್ಲಿಗೆ ಅವಳು ಬಂದಳು. ಬೈಯಲೇ ಬಂದಳೆಂದು ಟ್ರಂಕನ್ನು ಹತ್ತಿರಕ್ಕೆ ಎಳೆದುಕೊಂಡೆ.

"ನಿನ್ ಮೇಲೆ ಕೋಪ ಇಲ್ಲಕ್ಕಾ, ನೀನ್ ಮಾತು ಉಳಿಸ್ಕಂಡೆ. ನಮ್ಮನೆಯವ್ರೇ ಮಂಕು. ಆರ ಕೊಟ್ಬಿಡು. ನಾನ್ ಕಟ್ಟಿದ್ದು, ಅವ್ರು ಆಕಿದ್ದು. ಅದು ನಿನ್ನತ್ರ ಇದ್ರೆ ನಂಗೆ ನಿದ್ದೆ ಬರಲ್ಲ."

ಟ್ರಂಕು ತೆಗೆದೆ. ಹಾರ ಬಾಡದಿರಲಿ ಎಂದು ಒದ್ದೆ ಬಟ್ಟೆ ಸುತ್ತಿ ಸೀರೆಗಳ ಮೇಲಿಟ್ಟಿದ್ದೆ. ಅವಳು ಆ ಒದ್ದೆ ಬಟ್ಟೆಯನ್ನು ನೋಡಿದಳು, ಆಮೇಲೆ ನನ್ನ ಬರಿಗೊರಳನ್ನು ನೋಡಿದಳು.

"ನಿಂಗೆ ಮದ್ವೆ ಆಗಿಲ್ವಾ ಅಕ್ಕಾ?"

"ಬಸ್ ಬಂತು, ತಗೋ" ಎಂದು ಹಾರವನ್ನು ಅವಳ ಕೈಗಿಟ್ಟು ಹತ್ತಿದೆ. ಕೆಜಿಎಫ್ ತಲುಪುವವರೆಗೂ ಅಳುತ್ತಲೇ ಇದ್ದೆ. ಅವನಿಗಾಗಿ ಅಲ್ಲ, ಅವನ ಮುಖವೂ ಈಗ ನೆನಪಿಲ್ಲ. ಮನೆಮನೆಗೆ ಟಿವಿ ಬಂದು ನಮ್ಮನ್ನು ಕರೆಯುವವರು ಇಲ್ಲವಾಗುವ ತನಕ ಊರೂರಲ್ಲಿ ಹಾರ ಹಾಕುತ್ತಲೇ ಇದ್ದೆ. ನನ್ನ ಕೊರಳಿಗೆ ಬಿದ್ದದ್ದು ಅದೊಂದೇ.